ಎತ್ತರದ ಕಟ್ಟಡವೂ ಹಾರುವ ಯಂತ್ರವೂ

ನಮ್ಮ ತುಳಸಿಗೇರಿಯು ವಾಯುಪುತ್ರನ ಊರು. ಬಾಗಲಕೋಟೆಯ ಸೀಮೆಯಲ್ಲಿ ಹನುಮಪ್ಪನ ಹೆಸರೆತ್ತಿದರೆ ಜನರಿಗೆ ಮೊದಲು ನೆನಪಾಗುವದು ಈ ಊರಿನ ಗುಡಿಯೇ. ಕಾರ್ತಿಕದ ದೀಪೋತ್ಸವಕ್ಕೆ ಸುತ್ತಣ ಹಳ್ಳಿಗಳವರು ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡವನು. ಈಗ ಅವರೇ ಮೋಟಾರುಗಳಲ್ಲಿ ಬರುತ್ತಾರೆ. ಗಾಳಿಯ ಮಗನ ಈ ಊರಿನ ಗಾಳಿಯಲ್ಲಿ ಕೆಲವು ವರ್ಷಗಳಿಂದ ಹೊಸದೊಂದು ಸಪ್ಪಳ ಕೇಳಬರುತ್ತಿದೆ. ದುಂಬಿಯ ಝೇಂಕಾರದಂತೆ ತೋರಿದರೂ ಅದು ದುಂಬಿಯದಲ್ಲ; ನಾಲ್ಕು ಪುಟ್ಟ ರೆಕ್ಕೆಗಳನ್ನು ತಿರುಗಿಸುತ್ತ, ಹೊಟ್ಟೆಯಲ್ಲೊಂದು ಕ್ಯಾಮರಾ ಹೊತ್ತು, ಕೆಳಗೆ ನಿಂತವನ ಬೆರಳಿನ ಆಜ್ಞೆಯಂತೆ ಹಾರಾಡುವ ಡ್ರೋನ್ ಎಂಬ ಯಂತ್ರದ್ದು.

ಈ ಯಂತ್ರವನ್ನು ಮದುವೆಯ ಚಿತ್ರ ತೆಗೆಯುವವರು ತರುತ್ತಾರೆ. ಹೊಲಗಳಿಗೆ ಔಷಧ ಸಿಂಪಡಿಸುವವರು ಇನ್ನೂ ದೊಡ್ಡದನ್ನು ತರುತ್ತಾರೆ. ಅವೆಲ್ಲ ವೃತ್ತಿಯ ಮಾತು. ನಾನೀಗ ಬರೆಯಹೊರಟಿರುವದು ಕೇವಲ ವಿನೋದಕ್ಕಾಗಿ ಇದನ್ನು ಹಾರಿಸುವ ನಮ್ಮ ನಿಮ್ಮ ಮನೆಗಳ ಹುಡುಗರನ್ನು ಕುರಿತು. ಇವರ ವಿಷಯದಲ್ಲಿ ಹಿರಿಯರಲ್ಲಿ ಎರಡು ಪಕ್ಷಗಳುಂಟು. "ಈ ಉಪದ್ವ್ಯಾಪವೇ ಬೇಡ" ಎಂಬದು ಒಂದು. "ಆಟಿಗೆಯಲ್ಲವೇ, ಏನಾದೀತು" ಎಂಬದು ಇನ್ನೊಂದು. ನಾನು ಎರಡನೆಯ ಪಕ್ಷದವನಾಗಿದ್ದೆನು. ಒಂದು ಮುಂಜಾವಿನ ಸಂಗತಿಯು ನನ್ನನ್ನು ಆ ಪಕ್ಷದಿಂದ ಹೊರಗೆ ಹಾಕಿತು. ಆದರೆ ಮೊದಲನೆಯ ಪಕ್ಷಕ್ಕೂ ನಾನು ಸೇರಿಲ್ಲ. ನಡುವೆ ನಿಂತು ಕಲಿತುದನ್ನು ವಾಚಕರ ಮುಂದಿಡುವದಷ್ಟೇ ಈ ಲೇಖನದ ಉದ್ದೇಶ.

ನನ್ನ ತಂಗಿಯ ಮಗನು ಹುಬ್ಬಳ್ಳಿಯಲ್ಲಿ ಓದುತ್ತಿರುವ ಹುಡುಗ. ತಾನು ಕೂಡಿಹಾಕಿದ ಹಣದಿಂದ ಆತನು ಇಂಥದೊಂದು ಯಂತ್ರವನ್ನು ಕೊಂಡು, ರಜೆಯಲ್ಲಿ ನಮ್ಮ ಮನೆಗೆ ತಂದನು. "ಮಾಮಾ, ನಿಮ್ಮ ಹೊಲಾ ಮ್ಯಾಲಿಂದ ಹೆಂಗ ಕಾಣತೈತಿ ತೋರಸ್ತೇನಿ ಬರ್ರಿ" ಎಂದು ಅವಸರ ಮಾಡಿದನು. ನಾನು ಮಾಸ್ತರಿಕೆ ಬಿಟ್ಟಿದ್ದರೂ ಮಾಸ್ತರಿಕೆಯು ನನ್ನನ್ನು ಬಿಟ್ಟಿಲ್ಲ. "ಮೊದಲು ಕಾಯಿದೆ ಓದೋಣ, ಆಮೇಲೆ ಹಾರಿಸೋಣ" ಎಂದು ಹಟ ಹಿಡಿದೆನು. ಆ ರಾತ್ರಿ ಇಬ್ಬರೂ ಕೂತು ನಿಯಮಗಳನ್ನು ಓದಿದೆವು.

ಆಕಾಶವು ಯಾರ ಸ್ವತ್ತೂ ಅಲ್ಲವೆಂದು ನಾವು ತಿಳಿದಿರುತ್ತೇವೆ. ಕಾಯಿದೆಯು ಹಾಗೆ ತಿಳಿದಿಲ್ಲ. 1934ನೆಯ ಇಸವಿಯ ವಿಮಾನ ಕಾಯಿದೆಯ ವ್ಯಾಖ್ಯೆಯಲ್ಲಿ ನಾವು ಚಿಕ್ಕಂದಿನಲ್ಲಿ ಹಾರಿಸುತ್ತಿದ್ದ ಗಾಳಿಪಟವೂ ವಿಮಾನಗಳ ಪಂಕ್ತಿಯಲ್ಲಿ ಕುಳಿತಿತ್ತು. ಆ ಹಳೆಯ ಕಾಯಿದೆಯ ಸ್ಥಾನದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮವು ಜಾರಿಗೆ ಬಂದಿದೆ. ಡ್ರೋನುಗಳಿಗೆಂದೇ ಪ್ರತ್ಯೇಕವಾದ ನಿಯಮಗಳನ್ನು ಕೇಂದ್ರ ಸರಕಾರವು 2021ರ ಆಗಸ್ಟ್ ತಿಂಗಳಲ್ಲಿ ಹೊರಡಿಸಿತು.

ಆ ನಿಯಮಗಳು ಯಂತ್ರಗಳನ್ನು ತೂಕದ ಮೇಲೆ ಐದು ವರ್ಗಗಳಾಗಿ ವಿಂಗಡಿಸಿವೆ. 250 ಗ್ರಾಮಿನವರೆಗೆ ನ್ಯಾನೋ, ಅಲ್ಲಿಂದ 2 ಕಿಲೋಗ್ರಾಮಿನವರೆಗೆ ಮೈಕ್ರೋ, 25 ಕಿಲೋಗ್ರಾಮಿನವರೆಗೆ ಸಣ್ಣದು, 150ರವರೆಗೆ ಮಧ್ಯಮ, ಅದನ್ನು ಮೀರಿದ್ದು ದೊಡ್ಡದು. ಮನೆಯ ಹುಡುಗರ ಕೈಯಲ್ಲಿರುವವು ಬಹುಶಃ ಮೊದಲಿನ ಎರಡು ವರ್ಗಗಳವು. ನ್ಯಾನೋ ಯಂತ್ರವನ್ನು ನಡೆಸಲು ಚಾಲಕನ ಪ್ರಮಾಣಪತ್ರವು ಬೇಕಾಗಿಲ್ಲ; ಮೈಕ್ರೋ ಯಂತ್ರವನ್ನು ಹಣ ಗಳಿಕೆಗಲ್ಲದೆ ವಿನೋದಕ್ಕೆ ಹಾರಿಸುವವನಿಗೂ ಬೇಕಾಗಿಲ್ಲ. ಆದರೆ ಯಂತ್ರವನ್ನು ಸರಕಾರದ ಜಾಲತಾಣದಲ್ಲಿ ನೋಂದಾಯಿಸಿ ಗುರುತಿನ ಸಂಖ್ಯೆಯನ್ನು ಪಡೆಯಬೇಕು. ಮೂರನೆಯವರಿಗೆ ಆಗಬಹುದಾದ ಹಾನಿಗಾಗಿ ವಿಮೆಯನ್ನು ಇಳಿಸಬೇಕು. ನ್ಯಾನೋ ಯಂತ್ರಕ್ಕೆ ಮಾತ್ರ ಈ ವಿಮೆಯ ಕಡ್ಡಾಯವಿಲ್ಲ. ನಿಯಮ ಮುರಿದವರಿಗೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡವುಂಟು.

ಇನ್ನು ಸ್ಥಳದ ಮಾತು. ದೇಶದ ಆಕಾಶಕ್ಕೆಲ್ಲ ಒಂದು ನಕ್ಷೆಯನ್ನು ಬರೆದು, ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣಗಳನ್ನು ಹಚ್ಚಿದ್ದಾರೆ. ಡಿಜಿಟಲ್ ಸ್ಕೈ ಎಂಬ ಜಾಲತಾಣದಲ್ಲಿ 2021ರ ಸೆಪ್ಟೆಂಬರಿನಿಂದ ಈ ನಕ್ಷೆಯು ಎಲ್ಲರಿಗೂ ದೊರೆಯುತ್ತದೆ. ಹಸಿರು ವಲಯದಲ್ಲಿ 400 ಅಡಿ, ಎಂದರೆ 120 ಮೀಟರಿನ ಎತ್ತರದವರೆಗೆ ಅನುಮತಿಯಿಲ್ಲದೆ ಹಾರಿಸಬಹುದು. ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿಲೋಮೀಟರು ದಾಟಿ 12ರೊಳಗಿನ ಪ್ರದೇಶದಲ್ಲಿ ಈ ಎತ್ತರವು 200 ಅಡಿಗೆ, ಎಂದರೆ 60 ಮೀಟರಿಗೆ ಇಳಿಯುತ್ತದೆ. ಹಳದಿ ವಲಯದಲ್ಲಿ ವಿಮಾನ ಸಂಚಾರದ ನಿಯಂತ್ರಣಾಧಿಕಾರಿಗಳ ಅನುಮತಿ ಬೇಕು. ಕೆಂಪು ವಲಯದಲ್ಲಿ ಕೇಂದ್ರ ಸರಕಾರದ ಅನುಮತಿಯಿಲ್ಲದೆ ಸುಳಿಯಲೇ ಕೂಡದು. ಇಷ್ಟನ್ನೂ ನಾವು ಓದಿದೆವು. ಹುಡುಗನ ಯಂತ್ರದ ತೂಕವು 249 ಗ್ರಾಮು, ನೋಂದಣಿಯಾಗಿತ್ತು, ನಮ್ಮ ಹೊಲವು ಹಸಿರು ವಲಯದಲ್ಲಿತ್ತು. "ಎಲ್ಲಾ ಕಾಯ್ದೇಶೀರ ಐತಿ, ಮಾಮಾ" ಎಂದು ಆತನು ನಕ್ಕನು. ನಾನೂ ನಿಶ್ಚಿಂತನಾದೆನು.

ಮರುದಿನ ಮುಂಜಾನೆ. ಮಾಗಿಯ ದಿನಗಳು, ಬಿಳಿಜೋಳವು ತೆನೆ ಹಿಡಿದಿತ್ತು. ನಮ್ಮ ಹೊಲದ ಅಂಚಿಗೆ ಪಕ್ಕದ ಹಳ್ಳಿಯ ನೀರಿನ ಟಾಕಿಯಿದೆ. ಎತ್ತರದ ಕಂಬಗಳ ಮೇಲೆ ದುಂಡಗಿನ ಕಾಂಕ್ರೀಟಿನ ಕೊಡವನ್ನಿಟ್ಟಂತೆ ಕಾಣುವದು. ಹುಡುಗನು ಯಂತ್ರವನ್ನು ಎಬ್ಬಿಸಿ, ಹೊಲವನ್ನೆಲ್ಲ ಒಂದು ಸುತ್ತು ತೋರಿಸಿ, ಅನಂತರ ಟಾಕಿಯನ್ನು ಪ್ರದಕ್ಷಿಣೆ ಹಾಕಿಸತೊಡಗಿದನು. ಯಂತ್ರವು ಟಾಕಿಯ ಹಿಂದೆ ಹೋಯಿತು. ಕೈಯಲ್ಲಿಯ ಕನ್ನಡಿಯಂಥ ಫಲಕದ ಮೇಲೆ ಚಿತ್ರವು ನಡುಗಿ ನಿಂತುಬಿಟ್ಟಿತು. ಸಂಪರ್ಕ ತಪ್ಪಿತ್ತು.

ಇಂಥ ಯಂತ್ರಗಳಿಗೆ ಒಂದು ಒಳ್ಳೆಯ ಶಿಕ್ಷಣವನ್ನು ಕೊಟ್ಟಿರುತ್ತಾರೆ. ಒಡೆಯನ ಆಜ್ಞೆ ಕೇಳದಂತಾದರೆ, ಮೊದಲೇ ಗೊತ್ತುಮಾಡಿಟ್ಟ ಒಂದು ಎತ್ತರಕ್ಕೆ ಏರಿ, ತಾನು ಹೊರಟ ಸ್ಥಳಕ್ಕೆ ನೆಟ್ಟಗೆ ಮರಳಿ ಬರಬೇಕು. ನಮ್ಮ ಯಂತ್ರವೂ ಹಾಗೆಯೇ ಮಾಡಿತು. ಆದರೆ ಹುಡುಗನು ಹಿಂದೊಮ್ಮೆ ಬಯಲಿನಲ್ಲಿ ಆಡಿಸುವಾಗ ಆ ಎತ್ತರವನ್ನು 15 ಮೀಟರಿಗೆ ಇಟ್ಟವನು, ಬದಲಿಸುವದನ್ನು ಮರೆತಿದ್ದನು. ಯಂತ್ರಕ್ಕೂ ನಮಗೂ ನಡುವೆ ಅದಕ್ಕಿಂತ ಎತ್ತರವಾದ ಟಾಕಿ. ವಿಶ್ವಾಸವುಳ್ಳ ಸೇವಕನಂತೆ ಯಂತ್ರವು ನೆಟ್ಟಗೆ ಬಂದು ಟಾಕಿಗೆ ಬಡಿಯಿತು. ಬಡಿದ ಕಡೆಗೆ ಟಾಕಿಯ ಅಡಿಯಲ್ಲಿ ಹೆಜ್ಜೇನು ಕಟ್ಟಿತ್ತು.

ಮುಂದಿನದನ್ನು ಬರೆಯಲು ನನ್ನ ಲೇಖನಿಯು ಹಿಂಜರಿಯುತ್ತದೆ. ಟಾಕಿಯ ನೆರಳಿನಲ್ಲಿ ಕುರಿ ಬಿಟ್ಟುಕೊಂಡು ಒಬ್ಬ ಮುದುಕನೂ ಆತನ ಆರೇಳು ವರ್ಷದ ಮೊಮ್ಮಗನೂ ಕುಳಿತಿದ್ದರು. ನಾವು ಅವರನ್ನು ನೋಡಿಯೇ ಇರಲಿಲ್ಲ. ಹುಳಗಳು ಮೋಡದಂತೆ ಎದ್ದವು. ಮುದುಕನು ತನ್ನ ಕಂಬಳಿಯನ್ನು ಹುಡುಗನ ಮೇಲೆ ಹಾಕಿ, ಅದರ ಮೇಲೆ ತಾನು ಬಿದ್ದುಕೊಂಡನು. ಕೂಸಿಗೆ ಒಂದೂ ಕಡಿಯಲಿಲ್ಲ. ಮುದುಕನಿಗೆ ಮುಖ, ಕತ್ತು, ಬೆನ್ನುಗಳಲ್ಲೆಲ್ಲ ಕಡಿದವು. ಮೋಟಾರಿನಲ್ಲಿ ದವಾಖಾನೆಗೆ ಒಯ್ದೆವು. ಎರಡು ರಾತ್ರಿ ಆತನು ಅಲ್ಲಿದ್ದನು, ನಾವೂ ಇದ್ದೆವು. ಮೂರನೆಯ ದಿನ ಬಾವು ಇಳಿದು ಕಣ್ಣು ತೆರೆದಾಗ ಆತನು ನನ್ನನ್ನು ಬೈಯಲಿಲ್ಲ. "ಮಾಸ್ತರ, ನಿಮ್ಮ ಹಕ್ಕಿ ಛಲೋ ಐತ್ರಿ. ಖರೆ, ಅದಕ ಕಣ್ಣಿಲ್ಲ ನೋಡ್ರಿ" ಎಂದನು. ಕ್ಯಾಮರಾ ಹೊತ್ತ ಯಂತ್ರಕ್ಕೆ ಕಣ್ಣಿಲ್ಲವೆಂದು ಹೇಳಲು ಅಕ್ಷರ ಕಲಿಯದ ಆ ವೃದ್ಧನೇ ಬೇಕಾಯಿತು.

ಔಷಧೋಪಚಾರದ ವೆಚ್ಚವನ್ನು ನನ್ನ ಪೆನ್ಶನ್ನಿನಿಂದ ಕೊಟ್ಟೆನು. ಕೆಲಸ ತಪ್ಪಿದ ದಿನಗಳ ಕೂಲಿಯನ್ನು ಆತನು ಬೇಡವೆಂದರೂ ಹುಡುಗನು ತನ್ನ ಕೈಯಿಂದ ಕೊಟ್ಟನು. ಅಪಘಾತವಾದರೆ 48 ತಾಸುಗಳೊಳಗಾಗಿ ವರದಿ ಮಾಡಬೇಕೆಂಬ ನಿಯಮವಿದೆ, ಅದನ್ನೂ ಮಾಡಿದೆವು. ಆದರೆ ನನ್ನ ಮನಸ್ಸಿನೊಳಗಿನ ಪ್ರಶ್ನೆಯು ಬೇರೆ. ನಾವು ಕಾಯಿದೆಯನ್ನು ಓದಿಯೇ ಹಾರಿಸಿದ್ದೆವಲ್ಲ! ತೂಕ ಸರಿ, ವಲಯ ಸರಿ, ಎತ್ತರವಂತೂ 120 ಮೀಟರಿನ ಎಂಟನೆಯ ಒಂದು ಪಾಲಷ್ಟೇ. ತಪ್ಪಿದ್ದು ಎಲ್ಲಿ?

ಮತ್ತೆ ಪುಸ್ತಕ ತೆರೆದಾಗ ಉತ್ತರವು ಸಿಕ್ಕಿತು. ಆದರೆ ಡ್ರೋನುಗಳ ಪುಸ್ತಕದಲ್ಲಲ್ಲ. 2024ರ ಜುಲೈ 1ರಿಂದ ನಡೆಯುತ್ತಿರುವ ಭಾರತೀಯ ನ್ಯಾಯ ಸಂಹಿತೆಯ 125ನೆಯ ಕಲಮು, ದುಡುಕಿನಿಂದಾಗಲಿ ಅಲಕ್ಷ್ಯದಿಂದಾಗಲಿ ಇತರರ ಪ್ರಾಣಕ್ಕೂ ದೇಹಕ್ಕೂ ಅಪಾಯವನ್ನು ತರುವ ಕೃತ್ಯವನ್ನು ಅಪರಾಧವೆಂದು ಹೇಳುತ್ತದೆ. ಅದರಲ್ಲಿ ಡ್ರೋನಿನ ಹೆಸರಿಲ್ಲ; ತೂಕದ ಲೆಕ್ಕವೂ ಇಲ್ಲ. ಕೈಗಾಡಿಗೂ, ಕಲ್ಲಿಗೂ, 249 ಗ್ರಾಮಿನ ಯಂತ್ರಕ್ಕೂ ಅದು ಒಂದೇ. ಬಣ್ಣದ ನಕ್ಷೆಯು ನಮಗೆ ಆಕಾಶದ ಮೇಲ್ಗೆರೆಯನ್ನು ತೋರಿಸುತ್ತದೆ. ಕೆಳಗಿನ ಗೆರೆಯನ್ನು ನಾವೇ ಸ್ಥಳಕ್ಕೆ ಹೋಗಿ, ಕಣ್ಣಿಟ್ಟು ನೋಡಿ, ಎಳೆದುಕೊಳ್ಳಬೇಕು. ಎತ್ತರವಾದ ಕಟ್ಟಡವಿದ್ದಲ್ಲಿ ಈ ಎರಡು ಗೆರೆಗಳು ಒಂದಕ್ಕೊಂದು ಬಹಳ ಹತ್ತಿರ ಬರುತ್ತವೆ.

ಹೀಗಾಗುವದಕ್ಕೆ ಕಾರಣಗಳನ್ನು ಹುಡುಗನೂ ನಾನೂ ಒಂದೊಂದಾಗಿ ಕೂಡಿಸಿದೆವು. ಮೊದಲನೆಯದು ನೆರಳು. ಹನುಮಂತನು ಸಮುದ್ರವನ್ನು ಹಾರುವಾಗ ಸಿಂಹಿಕೆಯೆಂಬ ರಾಕ್ಷಸಿಯು ಆತನ ನೆರಳನ್ನು ಹಿಡಿದು ತಡೆದಳೆಂಬ ಕಥೆಯನ್ನು ಎಲ್ಲರೂ ಬಲ್ಲರು. ಎತ್ತರದ ಕಟ್ಟಡವೂ ಹೀಗೆಯೇ ನೆರಳಿನಲ್ಲಿ ಹಿಡಿಯುತ್ತದೆ. ಬಿಸಿಲಿನ ನೆರಳಲ್ಲ, ರೇಡಿಯೋ ಅಲೆಗಳ ನೆರಳು. ನಮ್ಮ ಕೈಯಿಂದ ಹೊರಡುವ ಆಜ್ಞೆಯು ಕಾಂಕ್ರೀಟಿನ ಗೋಡೆಯನ್ನು ದಾಟಿ ಹೋಗಲಾರದೆ ಕ್ಷೀಣಿಸುತ್ತದೆ. ಉಪಗ್ರಹಗಳಿಂದ ಬರುವ ಸಂಜ್ಞೆಗಳಿಗೂ ಗೋಡೆಯು ಅಡ್ಡವಾಗುತ್ತದೆ, ಇಲ್ಲವೆ ಅವು ಗೋಡೆಗೆ ಬಡಿದು ಸುತ್ತಿ ಬರುತ್ತವೆ. ಆಗ ಯಂತ್ರವು ತಾನೆಲ್ಲಿರುವೆನೆಂಬದನ್ನೇ ತಪ್ಪಾಗಿ ಎಣಿಸುತ್ತದೆ. ಹೆಚ್ಚು ಉಕ್ಕು ಇರುವ ಕಡೆಗೆ ಅದರೊಳಗಿನ ದಿಕ್ಸೂಚಿಯ ಮುಳ್ಳಿಗೂ ಭ್ರಮೆಯಾಗುತ್ತದೆ.

ಎರಡನೆಯದು ಗಾಳಿ. ಮಳೆಗಾಲದ ಘಟಪ್ರಭೆಯಲ್ಲಿ ಸೇತುವೆಯ ಕಂಬದ ಹಿಂದೆ ನೀರು ಸುಳಿಸುಳಿಯಾಗಿ ತಿರುಗುವದನ್ನು ನೋಡಿದ್ದೀರಷ್ಟೆ? ಗಾಳಿಯೂ ಕಟ್ಟಡದ ಹಿಂಬದಿಗೆ ಹಾಗೆಯೇ ಸುಳಿಯಾಗುತ್ತದೆ. ನೀರಿನ ಸುಳಿಯು ಕಣ್ಣಿಗೆ ಕಾಣುವದು, ಗಾಳಿಯ ಸುಳಿಯು ಕಾಣುವದಿಲ್ಲ, ಇಷ್ಟೇ ಭೇದ. ನೆಲದ ಮೇಲೆ ಎಲೆಯೂ ಅಲುಗದಿದ್ದಾಗ ಮೇಲೆ ಬಲವಾದ ಗಾಳಿಯಿರುವದುಂಟು. ಕಾಲು ಕಿಲೋಗ್ರಾಮಿನ ಯಂತ್ರವು ಅದರ ಮುಂದೆ ತರಗೆಲೆಯೇ ಸರಿ.

ಮೂರನೆಯದು ತಂತಿ. ಮೊಬೈಲಿನ ಗೋಪುರಗಳನ್ನು ಬಿಗಿದು ಕಟ್ಟಿದ ಉಕ್ಕಿನ ಹಗ್ಗಗಳು, ವಿದ್ಯುತ್ತಿನ ತಂತಿಗಳು, ಜಾತ್ರೆಯಲ್ಲಿ ಶಿಖರದಿಂದ ಇಳಿಬಿಟ್ಟ ದೀಪಮಾಲೆಗಳು, ಇವು ಮೇಲಿನಿಂದ ನೋಡುವ ಕ್ಯಾಮರಾಕ್ಕೆ ನೆಲದ ಬಣ್ಣದಲ್ಲಿ ಕರಗಿಹೋಗುತ್ತವೆ. ಅಡ್ಡಬಂದುದನ್ನು ತಾನೇ ಅರಿತು ನಿಲ್ಲುವ ಯಂತ್ರಗಳಿವೆ. ಆದರೆ ಅವೂ ಗೋಡೆಯನ್ನು ಅರಿತಂತೆ ತೆಳುವಾದ ತಂತಿಯನ್ನು ಅರಿಯಲಾರವು. ನಾಲ್ಕನೆಯದು ಜೀವಿಗಳು. ಎತ್ತರವಾದುದೆಲ್ಲ ಯಾರದಾದರೊಬ್ಬರ ಮನೆಯಾಗಿರುತ್ತದೆ. ಟಾಕಿ, ಗೋಪುರ, ಬೆಟ್ಟದ ಬಂಡೆಗಳ ಕೆಳಮೈಯಲ್ಲಿ ಹೆಜ್ಜೇನು. ತುದಿಯಲ್ಲಿ ಹದ್ದಿನ ಗೂಡು. ತನ್ನ ಮರಿಯ ಮೇಲೆ ಹಾರಿಬಂದ ಯಂತ್ರವನ್ನು ಹದ್ದು ಸಹಿಸಲಾರದು.

ಇನ್ನು ಎತ್ತರದ ನಿಯಮದ ಬಗ್ಗೆ ಹುಡುಗರಲ್ಲಿ ಹಬ್ಬಿರುವ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. "ಎತ್ತರದ ಕಟ್ಟಡವಿದ್ದರೆ ಅದರ ತುದಿಯಿಂದ ಮತ್ತೆ 400 ಅಡಿ ಏರಬಹುದು" ಎಂದು ಕೆಲವರು ಹೇಳುತ್ತಾರೆ. ಇದರ ಮೂಲವು ಅಮೇರಿಕದಲ್ಲಿದೆ. ಅಲ್ಲಿ ಪರೀಕ್ಷೆ ಕೊಟ್ಟು ಪ್ರಮಾಣಪತ್ರ ಪಡೆದ ಚಾಲಕನು, ಕಟ್ಟಡದಿಂದ 400 ಅಡಿಗಳ ಅಂತರದೊಳಗಿದ್ದರೆ ಅದರ ತುದಿಯಿಂದ 400 ಅಡಿ ಮೇಲಕ್ಕೆ ಹೋಗಬಹುದು; ಕೇವಲ ವಿನೋದಕ್ಕೆ ಹಾರಿಸುವವನಿಗೆ ಅಲ್ಲಿಯೂ ಈ ಸವಲತ್ತು ಇಲ್ಲ. ಯುರೋಪಿನ ನಿಯಮವು ಇನ್ನೂ ಬಿಗಿ: 105 ಮೀಟರಿಗಿಂತ ಎತ್ತರವಾದ ಕಟ್ಟಡದಿಂದ 50 ಮೀಟರಿನೊಳಗಿದ್ದಾಗ ಅದರ ತುದಿಯಿಂದ 15 ಮೀಟರು ಮಾತ್ರ ಮೇಲೆ ಹೋಗಬಹುದು, ಅದೂ ಆ ಕಟ್ಟಡದ ಹೊಣೆಗಾರರೇ ಕೇಳಿಕೊಂಡಾಗ. ನಮ್ಮ ದೇಶದ ನಿಯಮಗಳಲ್ಲಿ ವಿನೋದದ ಚಾಲಕನಿಗೆ ಇಂಥ ರಿಯಾಯತಿಯಿಲ್ಲ. ಹಸಿರು ವಲಯದಲ್ಲಿ 120 ಮೀಟರೆಂದರೆ 120 ಮೀಟರೇ; ಪಕ್ಕದಲ್ಲಿ ಗೋಪುರವಿರಲಿ ಬಿಡಲಿ.

ಈ ಅಂಕೆಯು ಕಡಿಮೆಯದೆಂದು ಯಾರೂ ತಿಳಿಯಬಾರದು. ವಿಜಾಪುರದ ಗೋಳಗುಮ್ಮಟದ ಎತ್ತರವು ಸುಮಾರು 51 ಮೀಟರು. ಮುರುಡೇಶ್ವರದ ರಾಜಗೋಪುರವು 237 ಅಡಿ, ಎಂದರೆ ಸುಮಾರು 72 ಮೀಟರು. ಎರಡೂ ಈ ಮೇರೆಯೊಳಗೇ ಅಡಗುತ್ತವೆ. ಮೇರೆಯನ್ನು ಮೀರುವಂಥವೆಂದರೆ ಗದಗದ ಕಡೆಯ ಗುಡ್ಡಗಳ ಮೇಲೆ ಕಾಣುವಂಥ ಗಾಳಿಯಂತ್ರಗಳಲ್ಲಿ ಹೊಸ ಮಾದರಿಯವು. ಅವುಗಳ ಅಲಗಿನ ತುದಿಯು 120 ಮೀಟರನ್ನು ದಾಟುವದುಂಟು. ಅಂಥವುಗಳ ಮೇಲಿನಿಂದ ಹಾರಿಸುವದು ಕಾಯಿದೆಯಂತೆ ಅಸಾಧ್ಯ. ಸಮೀಪಕ್ಕೆ ಹೋಗುವದು ವಿವೇಕದಂತೆ ಅಸಾಧ್ಯ.

ಎತ್ತರವನ್ನು ಯಾವ ನೆಲದಿಂದ ಅಳೆಯಬೇಕೆಂಬದೂ ತಿಳಿದಿರಬೇಕು. ಯಂತ್ರವು ಫಲಕದ ಮೇಲೆ ತೋರಿಸುವ ಎತ್ತರವು ಸಾಮಾನ್ಯವಾಗಿ ತಾನು ಹೊರಟ ಸ್ಥಳದಿಂದ ಎಣಿಸಿದ್ದು. ಕಾಯಿದೆಯು ಕೇಳುವದಾದರೋ ಯಂತ್ರದ ಕೆಳಗಿರುವ ನೆಲದಿಂದ ಇರುವ ಎತ್ತರವನ್ನು. ಬದಾಮಿಯ ಕೆಂಪು ಬಂಡೆಗಳನ್ನು ಮನಸ್ಸಿಗೆ ತಂದುಕೊಳ್ಳಿರಿ, ಹಾರಿಸಲಿಕ್ಕಲ್ಲ, ತಿಳಿಯಲಿಕ್ಕೆ. ಬಂಡೆಯ ನೆತ್ತಿಯ ಮೇಲೆ ನಿಂತು ಯಂತ್ರವನ್ನು 100 ಮೀಟರು ಏರಿಸಿ ಕಣಿವೆಯ ಕಡೆಗೆ ಓಡಿಸಿದರೆ, ಫಲಕವು 100 ಎಂದೇ ಹೇಳುತ್ತಿರುತ್ತದೆ. ಬಂಡೆಯ ಎತ್ತರವೂ ಕೂಡಿ ಯಂತ್ರವು ಅಷ್ಟರಲ್ಲಿ ಕಾಯಿದೆಯನ್ನು ಮೀರಿರುತ್ತದೆ. ಸಮತಟ್ಟಾದ ಎರೆಯ ಹೊಲದಲ್ಲಿ ಈ ಭೇದವಿಲ್ಲ. ಗುಡ್ಡಗಾಡಿನಲ್ಲಿ ಇದೇ ಮುಖ್ಯ.

ಬದಾಮಿಯ ಹೆಸರು ಬಂದುದರಿಂದ ಇನ್ನೊಂದು ಮಾತು. ಆಕಾಶದ ನಕ್ಷೆಯು ಹಸಿರಾಗಿದ್ದ ಮಾತ್ರಕ್ಕೆ ಕೆಳಗಿನ ಒಡೆಯನ ಅನುಮತಿಯು ಬೇಡವೆಂದಾಗುವದಿಲ್ಲ. ಬದಾಮಿ, ಐಹೊಳೆಗಳ ಗುಡಿಗಳಾಗಲಿ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಾಗಲಿ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವವು. ಇಲಾಖೆಯ ಮುಂಗಡ ಅನುಮತಿಯಿಲ್ಲದೆ ಅಲ್ಲಿ ಡ್ರೋನ್ ಎಬ್ಬಿಸಕೂಡದು. ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಮಳೆಗಾಳಿಗಳನ್ನು ತಾಳಿನಿಂತ ಕೆತ್ತನೆಯ ಮೂಗು ಮುರಿಯಲು ಒಂದು ಕ್ಷಣ ಸಾಕು. ಊರಗುಡಿಗೆ ಗುಡಿಯ ಹಿರಿಯರನ್ನೂ, ಟಾಕಿಗೆ ಪಂಚಾಯತಿಯವರನ್ನೂ, ಕಾರ್ಖಾನೆಯ ಚಿಮಣಿಗೆ ಅದರ ಅಧಿಕಾರಿಗಳನ್ನೂ ಕೇಳಬೇಕು. ವಿದ್ಯುತ್ತಿನ ದೊಡ್ಡ ಗೋಪುರಗಳ ಹತ್ತಿರವಂತೂ ಸುಳಿಯಲೇ ಬೇಡಿರಿ. ಮತ್ತೊಂದು: ರಾಜ್ಯ ಸರಕಾರವೂ ಪೋಲೀಸು ಅಧಿಕಾರಿಗಳೂ ಯಾವದೇ ಸ್ಥಳವನ್ನು ಒಂದು ಸಲಕ್ಕೆ 96 ತಾಸುಗಳವರೆಗೆ ತಾತ್ಕಾಲಿಕ ಕೆಂಪು ವಲಯವೆಂದು ಸಾರಬಹುದು. ಆದ್ದರಿಂದ ನಿನ್ನೆ ಹಸಿರಾಗಿದ್ದುದು ಇಂದೂ ಹಸಿರೆಂದು ನಂಬದೆ, ಪ್ರತಿ ಸಲವೂ ನಕ್ಷೆಯನ್ನು ನೋಡಿಯೇ ಹೊರಡಬೇಕು.

ಈ ಬಗೆಯ ಅವಿವೇಕವು ನಮ್ಮ ಸೀಮೆಯದಷ್ಟೇ ಅಲ್ಲ. 2015ರಲ್ಲಿ ಜಪಾನದ ಹಿಮೇಜಿ ಎಂಬ ಪ್ರಾಚೀನ ದುರ್ಗದ ಮುಖ್ಯ ಸೌಧಕ್ಕೆ ಒಂದು ಡ್ರೋನ್ ಬಡಿಯಿತು. 2016ರ ಕೊನೆಯ ದಿನ ಅಮೇರಿಕದ ಸಿಯಾಟಲ್ ಪಟ್ಟಣದಲ್ಲಿ 184 ಮೀಟರು ಎತ್ತರದ ಸ್ಪೇಸ್ ನೀಡಲ್ ಗೋಪುರದ ನೆತ್ತಿಗೆ ಇನ್ನೊಂದು ಬಡಿಯಿತು. ಹೊಸ ವರ್ಷದ ಬಾಣಬಿರುಸುಗಳ ಸಿದ್ಧತೆಗಾಗಿ ಕೆಲಸಗಾರರು ಆಗ ಮೇಲೆಯೇ ಇದ್ದರು. ಎತ್ತರವಾದುದು ಮನುಷ್ಯನ ಕಣ್ಣನ್ನು ಸೆಳೆಯುತ್ತದೆ. ಕಣ್ಣು ಹೋದಲ್ಲಿ ಕೈಯೂ ಹೋಗುತ್ತದೆ. ಈ ಸ್ವಭಾವಕ್ಕೆ ದೇಶಭೇದವಿಲ್ಲ.

ದವಾಖಾನೆಯಿಂದ ಮರಳಿದ ಮೇಲೆ ನಾವು ಮಾವ ಅಳಿಯಂದಿರು ನಮ್ಮ ಮನೆಗೆಂದು ಕೆಲವು ಕಟ್ಟಳೆಗಳನ್ನು ಮಾಡಿಕೊಂಡೆವು. ವಾಚಕರಿಗೂ ಉಪಯೋಗವಾದೀತೆಂದು ಹೇಳುತ್ತೇನೆ. ಹಾರಿಸುವ ಮೊದಲು ಸ್ಥಳವನ್ನು ಕಾಲಿನಿಂದ ನಡೆದು ನೋಡಬೇಕು. ಯಾವದು ಎಲ್ಲಕ್ಕೂ ಎತ್ತರ, ತಂತಿ ಎಲ್ಲಿ, ಗೂಡು ಎಲ್ಲಿ, ನೆರಳಿನಲ್ಲಿ ಯಾರು ಕೂಡ್ರುತ್ತಾರೆ ಎಂದು ವಿಚಾರಿಸಬೇಕು. ಜೇನಿದ್ದರೆ ಆ ಸ್ಥಳವನ್ನೇ ಬಿಡಬೇಕು.

ಅನಂತರ ಎತ್ತರವನ್ನು ಅಳೆಯಬೇಕು. ಇದಕ್ಕೆ ಯಂತ್ರ ಬೇಕಾಗಿಲ್ಲ. ಒಂದು ಮೀಟರಿನ ಕೋಲನ್ನು ಬಿಸಿಲಿನಲ್ಲಿ ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನು ಅಳೆಯಿರಿ. ಅದೇ ಹೊತ್ತಿಗೆ ಕಟ್ಟಡದ ನೆರಳನ್ನೂ ಅಳೆಯಿರಿ. ಕೋಲಿನ ನೆರಳು 80 ಸೆಂಟಿಮೀಟರು, ಕಟ್ಟಡದ ನೆರಳು 16 ಮೀಟರು ಇದ್ದರೆ, ಕಟ್ಟಡದ ಎತ್ತರವು 20 ಮೀಟರು. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ನೆರಳಿನ ಲೆಕ್ಕಗಳಿಗೆಂದೇ ಛಾಯಾವ್ಯವಹಾರವೆಂಬ ಪ್ರಕರಣವಿದೆ. ಮೂವತ್ತು ವರ್ಷ ಹುಡುಗರಿಗೆ ಈ ಲೆಕ್ಕವನ್ನು ಕಲಿಸಿದವನು ನಾನು. ಆ ಮುಂಜಾನೆ ನನಗೇ ಅದು ನೆನಪಾಗಲಿಲ್ಲ. ಅಪಘಾತವಾದ ಮೇಲೆ ಹೋಗಿ ಕೋಲು ಹಿಡಿದು ಅಳೆದೆನು. ಟಾಕಿಯು 20 ಮೀಟರು. ನಮ್ಮ ಯಂತ್ರದ ಮರಳುವ ಎತ್ತರವು 15. ಐದು ಮೀಟರಿನ ಲೆಕ್ಕದಲ್ಲಿ ಒಬ್ಬ ಮುದುಕನ ಪ್ರಾಣವು ತೂಗಾಡಿತು.

ಯಂತ್ರವು ಮರಳಿ ಬರುವ ಎತ್ತರವನ್ನು, ಸುತ್ತಲಿನ ಅತ್ಯಂತ ಎತ್ತರವಾದ ವಸ್ತುವಿಗಿಂತ 20 ಮೀಟರಾದರೂ ಹೆಚ್ಚಾಗಿ, ಕಾಯಿದೆಯ ಮೇರೆಯ ಕೆಳಗೆ ಇಡಬೇಕು. ಈ ಎರಡೂ ಕೂಡಿಬರದಷ್ಟು ಎತ್ತರದ ಕಟ್ಟಡವಿದ್ದರೆ ಅಲ್ಲಿ ಹಾರಿಸಲೇಬಾರದು. ಕಟ್ಟಡವು ಎಷ್ಟು ಎತ್ತರವೋ ಅಷ್ಟಾದರೂ ದೂರದಲ್ಲಿ ಯಂತ್ರವಿರಬೇಕು. ಅದರ ಹಿಂದಕ್ಕೆ ಎಂದೂ ಹೋಗಬಾರದು. ಒಬ್ಬನು ಫಲಕವನ್ನು ನೋಡುತ್ತಿದ್ದರೆ ಇನ್ನೊಬ್ಬನು ಆಕಾಶವನ್ನೂ ಯಂತ್ರದ ಕೆಳಗಿನ ನೆಲವನ್ನೂ ನೋಡುತ್ತಿರಬೇಕು. ಬ್ಯಾಟರಿಯು ಮೂರರಲ್ಲೊಂದು ಪಾಲು ಉಳಿದಾಗ ಇಳಿಸಿಬಿಡಬೇಕು. ಜನರ ತಲೆಯ ಮೇಲೆ ಎಂದೂ ಹಾರಿಸಬಾರದು. ಇವೆಲ್ಲ ಸರಕಾರದ ಕಟ್ಟಳೆಗಳಲ್ಲ, ನಮ್ಮ ಮನೆಯವು. ಸರಕಾರದವು ಎಲ್ಲಿ ಮುಗಿಯುತ್ತವೆಯೋ ಅಲ್ಲಿಂದ ಇವು ಮೊದಲಾಗುತ್ತವೆ.

ಮುಂದಿನ ಕಾರ್ತಿಕದಲ್ಲಿ ಹುಡುಗನು ಮತ್ತೆ ಬಂದನು. ಗುಡಿಯ ದೀಪಗಳನ್ನು ಮೇಲಿನಿಂದ ಚಿತ್ರಿಸಬೇಕೆಂಬ ಆಸೆ ಆತನಿಗೆ. ಇಬ್ಬರೂ ಗುಡಿಯ ಹಿರಿಯರಲ್ಲಿಗೆ ಹೋಗಿ ಕೇಳಿದೆವು. "ಇಷ್ಟು ಮಂದಿ ಸೇರಿದಾಗ ಬ್ಯಾಡ್ರಿ ಮಾಸ್ತರ, ಜಾತ್ರಿ ಮುಗೀಲಿ" ಎಂದರು. ಮೊದಲಿನ ಹುಡುಗನಾಗಿದ್ದರೆ ಮುಖ ಸಣ್ಣದು ಮಾಡುತ್ತಿದ್ದನು. ಈ ಸಲ ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು, ತಾನೂ ಒಂದು ಹಣತೆ ಹಚ್ಚಿ ಬಂದನು. ಜಾತ್ರೆ ಮುಗಿದು ಅಂಗಡಿಗಳೆಲ್ಲ ಎದ್ದುಹೋದ ಮೇಲೆ, ಹಿರಿಯರ ಒಪ್ಪಿಗೆಯಿಂದ ಒಂದು ಮುಂಜಾನೆ ದೂರದ ಹೊಲದಲ್ಲಿ ನಿಂತು ಎಬ್ಬಿಸಿದೆವು. ನಕ್ಷೆಯನ್ನು ನೋಡಿದ್ದೆವು; ಶಿಖರದ ನೆರಳನ್ನು ಕೋಲು ಹಿಡಿದು ಅಳೆದಿದ್ದೆವು.

ಹನುಮಂತನ ದಾರಿಗೆ ಮೈನಾಕ ಪರ್ವತವು ಅಡ್ಡಲಾಗಿ ಎದ್ದಾಗ ಆತನು ಮೊದಲು ಅದನ್ನು ಎದೆಯಿಂದ ಗುದ್ದಿದನು. ಅದು ಮಿತ್ರನೆಂದು ತಿಳಿದ ಮೇಲೆ ಕೈಯಿಂದ ಮುಟ್ಟಿ, ಗೌರವಿಸಿ, ಮುಂದಕ್ಕೆ ಹೋದನು. ಗುದ್ದುವ ಎದೆಯು ನಮ್ಮ ಯಂತ್ರಗಳಿಗಿಲ್ಲ. ಆದುದರಿಂದ ಗೌರವಿಸಿ ಸರಿದುಹೋಗುವ ಎರಡನೆಯ ಪಾಠವನ್ನೇ ನಾವು ಮೊದಲು ಕಲಿಯಬೇಕು. ಎತ್ತರದ ಕಟ್ಟಡದ ಹತ್ತಿರ ನಮ್ಮ ಪಾಲಿನ ಆಕಾಶವು ಹಿರಿದಾಗುವದಿಲ್ಲ, ಕಿರಿದಾಗುತ್ತದೆ.

ಅಂದು ಹೊಲದಲ್ಲಿ ನಮ್ಮೊಡನೆ ಆ ಕುರಿ ಕಾಯುವ ಮುದುಕನೂ ಮೊಮ್ಮಗನೂ ಇದ್ದರು, ನಾವೇ ಕರೆಸಿದ್ದೆವು. ಹುಡುಗನು ಫಲಕವನ್ನು ಆ ಕೂಸಿನ ಕೈಗೆ ಹಿಡಿಸಿದನು. ಅದರೊಳಗೆ ಗುಡಿ, ಕೇರಿ, ಹಸಿರು ಹೊಲಗಳು, ಬಿಳಿಯ ಚುಕ್ಕೆಗಳಂತೆ ತನ್ನದೇ ಕುರಿಗಳು ಕಾಣುತ್ತಲೆ ಕೂಸು ಕೇಕೆ ಹಾಕಿತು. ಮುದುಕನು ಫಲಕವನ್ನು ನೋಡಲಿಲ್ಲ. ತಲೆಯೆತ್ತಿ ಯಂತ್ರವನ್ನೇ ನೋಡುತ್ತ ನಿಂತಿದ್ದನು. ಅದು ಇಳಿದು ನೆಲ ಮುಟ್ಟಿದ ಮೇಲೆಯೇ ಆತನು ಹೆಗಲ ಮೇಲಿನ ಕಂಬಳಿಯನ್ನು ಕೆಳಗಿಟ್ಟನು.